ಫಾರಂ 6 ಅಲ್ಲ, 8: ಮನೆ ಬದಲಿಸಿದವರ ವೋಟಿನ ಟಿಪ್ಪಣಿ

ಸಾಗರದಲ್ಲಿದ್ದ ನನ್ನ ವೋಟನ್ನು ಬೆಂಗಳೂರಿನ ಪದ್ಮನಾಭನಗರಕ್ಕೆ ತಂದುಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. 18 ತುಂಬಿರಬೇಕು ಅನ್ನೋದೆಲ್ಲ ಗೊತ್ತಿರುವುದೇ, ಅದನ್ನು ಬಿಟ್ಟಿದ್ದೇನೆ.

ಯಾವ ಫಾರಂ?

ನಾನು ಎಡವಿದ್ದು ಇಲ್ಲೇ. ಹೊಸ ಊರು, ಹೊಸ ಕ್ಷೇತ್ರ, ಹಾಗಾದರೆ ಹೊಸ ಅರ್ಜಿ ಅಲ್ವಾ ಅಂದುಕೊಂಡು ಫಾರಂ 6 ತುಂಬಿದೆ. ತಿರಸ್ಕಾರವಾಯಿತು. ಫಾರಂ 6 ಮೊದಲ ಸಲ ಹೆಸರು ಸೇರಿಸುವವರಿಗೆ ಮಾತ್ರ. 'ನನ್ನ ಹೆಸರು ಬೇರೆ ಯಾವ ಕ್ಷೇತ್ರದಲ್ಲೂ ಇಲ್ಲ' ಅಂತ ಅದರಲ್ಲೇ ಬರೆದುಕೊಡಬೇಕು. ಓದದೆ ಸಹಿ ಹಾಕಿದ್ದೆ! ಗೊತ್ತಿದ್ದೂ ಸುಳ್ಳು ಬರೆದುಕೊಟ್ಟರೆ 1950ರ ಜನಪ್ರತಿನಿಧಿ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಇದೆ.

ಮತದಾರರ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಹೆಸರಿದ್ದು, ಈಗ ಅದು ನಿಮ್ಮ ಜೊತೆ ಬರಬೇಕು ಅಂದರೆ ಫಾರಂ 8. ಅಕ್ಕನಿಗೆ ಹೇಳಿದರೆ, "ನಾನು 6 ತುಂಬಿಯೇ ಬದಲಾಯಿಸಿಕೊಂಡಿದ್ದು ಮಾರಾಯ್ತಿ" ಅಂದಳು. ಅವಳದ್ದೂ ಸುಳ್ಳಲ್ಲ. 2022ರ ಆಗಸ್ಟ್‌ಗೆ ಮುಂಚೆ ಕ್ಷೇತ್ರ ಬದಲಾದರೆ 6, ಅದೇ ಕ್ಷೇತ್ರದಲ್ಲಿ ಮನೆ ಬದಲಾದರೆ 8ಎ ಇತ್ತು. ಈಗ 8ಎ ಇಲ್ಲವೇ ಇಲ್ಲ. ಪಕ್ಕದ ಬೀದಿಗೆ ಹೋದರೂ 8, ಬೀದರಿಗೆ ಹೋದರೂ 8. ಕ್ಷೇತ್ರದ ಒಳಗೋ ಹೊರಗೋ ಅಂತ ಒಳಗಡೆ ಕೇಳುತ್ತದೆ, ಅಷ್ಟೇ. ಹಳೆಯ ವಿಡಿಯೋ ನೋಡಿ ತುಂಬಬೇಡಿ. ಹಳೆ ಊರಿನಲ್ಲಿ ಹೆಸರು ತೆಗೆಸಲು ಬೇರೆ ಅರ್ಜಿ ಬೇಕಿಲ್ಲ.

ವಿಳಾಸದ ದಾಖಲೆಗೆ ಬಾಡಿಗೆ ಕರಾರು ಕೊಡುವುದಾದರೆ ಅದು ನೋಂದಣಿ ಆಗಿರಬೇಕು. ನನ್ನದು ಬರೀ ಹನ್ನೊಂದು ತಿಂಗಳ ಸ್ಟಾಂಪ್ ಪೇಪರ್. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೊಸ ವಿಳಾಸ ಹಾಕಿಸಿ ಅದನ್ನೇ ಕೊಟ್ಟೆ.

ಕಾರ್ಡ್ ಬೇರೆ, ಪಟ್ಟಿ ಬೇರೆ

ವೋಟರ್ ಕಾರ್ಡ್ ಇದ್ದರೆ ವೋಟ್ ಇದೆ ಅಂದುಕೊಳ್ಳುತ್ತೇವೆ. ರೈಲಿನಲ್ಲಿ ಆಧಾರ್ ತೋರಿಸಿದರೆ ಬರ್ತ್ ಸಿಗುತ್ತಾ? ಚಾರ್ಟಿನಲ್ಲಿ ಹೆಸರಿರಬೇಕು. ಇದೂ ಹಾಗೇ. ಪಟ್ಟಿಯಲ್ಲಿ ಹೆಸರಿದ್ದರೆ ಕಾರ್ಡ್ ಕಳೆದುಹೋಗಿದ್ದರೂ ಆಧಾರ್, ಪಾನ್, ಡಿಎಲ್ ಯಾವುದಾದರೂ ನಡೆಯುತ್ತದೆ. ಮನೆಗೆ ಬರುವ ವೋಟರ್ ಸ್ಲಿಪ್ ಒಂದನ್ನೇ ಹಿಡಿದು ಹೋದರೆ ಮಾತ್ರ ನಡೆಯುವುದಿಲ್ಲ.

ಇನ್ನೊಂದು ಗೊಂದಲ: ಜಾಗ ಬದಲಾದರೂ ಎಪಿಕ್ ಸಂಖ್ಯೆ (ವೋಟರ್ ಕಾರ್ಡಿನ ಮೇಲಿರುವ ಸಂಖ್ಯೆ) ಅದೇ ಇರುತ್ತದೆ. ಬದಲಾಗುವುದು ಭಾಗ ಸಂಖ್ಯೆ (ಕ್ಷೇತ್ರದ ಪಟ್ಟಿಯಲ್ಲಿ ನಿಮ್ಮ ಮತಗಟ್ಟೆಯ ಭಾಗ), ಕ್ರಮ ಸಂಖ್ಯೆ (ಆ ಭಾಗದಲ್ಲಿ ನಿಮ್ಮ ಹೆಸರು ಎಷ್ಟನೆಯದು ಅನ್ನೋದು).

ಆನ್‌ಲೈನ್ ಪಟ್ಟಿಯಲ್ಲಿ ನಿಮ್ಮನ್ನು ಹುಡುಕುವಾಗ ಹೆಸರಿನಿಂದ ಹುಡುಕಬೇಡಿ. ನಾನು ಶ್ರುತಿ ಅಂತ ಹುಡುಕಿದೆ, ಸಿಗಲಿಲ್ಲ. ಪಟ್ಟಿಯಲ್ಲಿ 'ಶೃತಿ' ಆಗಿ ಕೂತಿದ್ದೆ! ಎಪಿಕ್ ಸಂಖ್ಯೆ ಹಾಕಿ. ಅದೂ ಇಲ್ಲದಿದ್ದರೆ ನನ್ನ ಇಷ್ಟದ ದಾರಿ: ನಿಮ್ಮ ಭಾಗದ ಪಿಡಿಎಫ್ ಇಳಿಸಿಕೊಂಡು ಅಕ್ಕಪಕ್ಕದ ಮನೆಯವರ ಹೆಸರು ಹುಡುಕಿ, ಅಲ್ಲೇ ಹಿಂದೆ ಮುಂದೆ ನೋಡಿ. ಪಿಡಿಎಫ್ ಚಿತ್ರದ ರೂಪದಲ್ಲಿರುವುದರಿಂದ ಸರ್ಚ್ ಕೆಲಸ ಮಾಡಲ್ಲ, ಕಣ್ಣೇ ಗತಿ.

ಗಡುವು

ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಪಟ್ಟಿ ಮುಟ್ಟುವುದಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಅದು ಏಪ್ರಿಲ್ 20, ಮತದಾನ ಮೇ 10. ಪರಿಶೀಲನೆಗೂ ದಿನ ಹಿಡಿಯುತ್ತದೆ. ಹಾಗಾಗಿ ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ.

ಮತಗಟ್ಟೆಯಲ್ಲಿ

ಮೊದಲ ಮೇಜಿನಲ್ಲಿ ಕ್ರಮ ಸಂಖ್ಯೆ, ಹೆಸರು ಜೋರಾಗಿ ಓದುತ್ತಾರೆ, ಏಜೆಂಟರು ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಎಡಗೈ ತೋರುಬೆರಳಿಗೆ ಶಾಯಿ (ನಮ್ಮ ಮೈಸೂರಿನದ್ದೇ), ಸಹಿ, ಚೀಟಿ. ನೀಲಿ ಗುಂಡಿ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ (ವೋಟು ಯಾರಿಗೆ ಬಿತ್ತೆಂದು ಮುದ್ರಿಸಿ ತೋರಿಸುವ ಯಂತ್ರ) ಗಾಜಿನಲ್ಲಿ ಚೀಟಿ 7 ಸೆಕೆಂಡ್ ಕಾಣುತ್ತದೆ. ಗುಂಡಿ ಒತ್ತಿದ ಕೂಡಲೇ ತಿರುಗಿ ಹೊರಡಬೇಡಿ, ನೋಡಿಕೊಳ್ಳಿ.

ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ಕಾಗದದ ಮೇಲೆ ಬರೆದುಕೊಂಡು ಹೋಗಿ. ಫೋನ್ ಒಳಗೆ ಬಿಡುವುದಿಲ್ಲ, ಸ್ಕ್ರೀನ್‌ಶಾಟ್ ಸುಮ್ನೆ ದಂಡ.