ಬಾಯಿಮಾತಿನ ಸೀಟು: ಸಣ್ಣ ಕಾಲೇಜು ಹುಡುಕಿದ ಆಟಗಾರ ಕೊನೆ ಗಳಿಗೆಯಲ್ಲಿ ಕೈಬಿಟ್ಟು ಹೋಗುವುದೇಕೆ?

ಡಿಸೆಂಬರ್ ತಿಂಗಳ ಮೊದಲ ಬುಧವಾರ, ಬೆಳಿಗ್ಗೆ 7 ಗಂಟೆ. ಅಮೆರಿಕದ ಕಾಲೇಜು ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಕೋಚ್‌ಗಳಿಗೆ ಅದು ರಿಸಲ್ಟ್ ಬರುವ ಹೊತ್ತು. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಹುಡುಗರು ಕಾಲೇಜಿನ ತಂಡ ಸೇರಲು ಸಹಿ ಹಾಕಿದ ಕಾಗದಗಳು ಒಂದೊಂದಾಗಿ ಬಂದು ಬೀಳುತ್ತವೆ. ಹಿಂದೆ ಫ್ಯಾಕ್ಸ್ ಯಂತ್ರದ ಸುತ್ತ ಜನ ನಿಂತಿರುತ್ತಿದ್ದರು, ಈಗ ಎಲ್ಲವೂ ಫೋನಿನಲ್ಲೇ. ಗೋಡೆಯ ಬೋರ್ಡಿನಲ್ಲಿ ಸ್ಥಾನವಾರು ಹೆಸರುಗಳು. ಕಾಗದ ಬಂದ ಹೆಸರಿಗೆ ಟಿಕ್. ಸಣ್ಣ ಕಾಲೇಜಿನ ಬೋರ್ಡಿನಲ್ಲಿ ಒಂಬತ್ತು ಗಂಟೆಯಾದರೂ ಟಿಕ್ ಬೀಳದ ಹೆಸರು ಒಂದೆರಡು ಇದ್ದೇ ಇರುತ್ತವೆ. ಜೂನ್‌ನಲ್ಲಿ ‘ನಾನು ನಿಮ್ಮಲ್ಲಿಗೇ ಬರೋದು’ ಎಂದಿದ್ದ ಹುಡುಗ ಅಷ್ಟರಲ್ಲಿ ಬೇರೆ ಕಾಲೇಜಿನ ಟೋಪಿ ತೊಟ್ಟು ಫೋಟೊ ಹಾಕಿರುತ್ತಾನೆ.

ಇದಕ್ಕೆ ಅಲ್ಲಿನವರು ಹೇಳುವುದು ‘ಫ್ಲಿಪ್’. ಒಬ್ಬರಿಗೆ ಕೊಟ್ಟ ಮಾತನ್ನು ಹಿಂದೆ ಪಡೆಯುವುದು ‘ಡಿಕಮಿಟ್’, ಹಾಗೆ ಪಡೆದು ಇನ್ನೊಬ್ಬರ ಪಾಲಾಗುವುದು ಫ್ಲಿಪ್. ಹುಡುಗ ನಿಯಮ ಮುರಿದ ಎನ್ನುವಂತಿಲ್ಲ. ‘ಕಮಿಟ್’ ಎಂಬುದು ಬರೀ ಬಾಯಿಮಾತು, ಯಾವ ಕಾಗದದಲ್ಲೂ ಇರುವುದಿಲ್ಲ. ಕಾಲೇಜು ಕೊಟ್ಟ ಆಫರ್ ಕೂಡ ಅಷ್ಟೇ: ಕೊನೆಯ ವರ್ಷದ ಆಗಸ್ಟ್ 1ಕ್ಕೆ ಮುಂಚೆ ಬರವಣಿಗೆಯಲ್ಲಿ ಸ್ಕಾಲರ್‌ಶಿಪ್ ಆಫರ್ ಕೊಡುವಂತಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳಿದರೆ ಹೆಣ್ಣು ನೋಡಿ ಒಪ್ಪಿಗೆಯಾಗಿದೆ, ಲಗ್ನಪತ್ರಿಕೆ ಬರೆಸಿಲ್ಲ. ಎರಡೂ ಕಡೆಯವರಿಗೆ ಅದು ಗೊತ್ತು.

ಅಲ್ಲಿನ ಶ್ರೇಣಿ ತಿಳಿಯದೆ ಈ ಪೇಚು ಅರ್ಥವಾಗುವುದಿಲ್ಲ. ಮೇಲಿನ ಹಂತ ಎಫ್‌ಬಿಎಸ್; 2025ರ ಲೆಕ್ಕಕ್ಕೆ 136 ತಂಡಗಳು. ಅದರೊಳಗೆ ಎಸ್‌ಇಸಿ, ಬಿಗ್ ಟೆನ್, ಎಸಿಸಿ, ಬಿಗ್ ಟ್ವೆಲ್ವ್ ಎಂಬ ನಾಲ್ಕು ಒಕ್ಕೂಟಗಳು ಶ್ರೀಮಂತರ ಮನೆ. ಮಿಡ್-ಅಮೆರಿಕನ್, ಸನ್ ಬೆಲ್ಟ್ ಮುಂತಾದವು ಮಧ್ಯಮ ವರ್ಗ. ಇವೆಲ್ಲಕ್ಕೂ ಕೆಳಗೆ ಎಫ್‌ಸಿಎಸ್. ಎಫ್‌ಬಿಎಸ್ ತಂಡಕ್ಕೆ ಬಹುಕಾಲ 85 ಸ್ಕಾಲರ್‌ಶಿಪ್‌ಗಳ ಮಿತಿ, ಎಲ್ಲವೂ ಪೂರ್ತಿ. ಎಫ್‌ಸಿಎಸ್‌ಗೆ 63, ಅದನ್ನು 85 ಜನಕ್ಕೆ ಹಂಚಿ ಕೊಡಬಹುದಿತ್ತು. ಹಾಗಾಗಿ ಕೆಳಗಿನ ಹಂತದ ಹುಡುಗನ ಕೈಯಲ್ಲಿ ಎಷ್ಟೋ ಸಲ ಅರ್ಧವೋ ಮುಕ್ಕಾಲೋ ಸ್ಕಾಲರ್‌ಶಿಪ್. ನವೆಂಬರ್‌ನಲ್ಲಿ ಮೇಲಿನ ಹಂತದ ಕೋಚ್ ಫೋನ್ ಮಾಡಿ ‘ಪೂರ್ತಿ ಕೊಡುತ್ತೇವೆ’ ಎಂದರೆ ಮನೆಯಲ್ಲಿ ನಾಲ್ಕು ವರ್ಷದ ಫೀಜಿನ ಲೆಕ್ಕ ಶುರುವಾಗುತ್ತದೆ. ನಿಷ್ಠೆಯ ಮಾತು ಆಮೇಲಿನದು.

ಈ ರೋಗ ಹಳೆಯದು, ಮದ್ದುಗಳೂ ಹಳೆಯವು. ಆಟಕ್ಕೆಂದೇ ಸ್ಕಾಲರ್‌ಶಿಪ್ ಕೊಡಲು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಒಪ್ಪಿದ್ದು 1956ರಲ್ಲಿ. ಆಗ ಒಂದೊಂದು ಒಕ್ಕೂಟಕ್ಕೂ ತನ್ನದೇ ಒಪ್ಪಂದಪತ್ರ ಇದ್ದು, ಅದು ಆ ಒಕ್ಕೂಟದೊಳಗೆ ಮಾತ್ರ ಸಲ್ಲುತ್ತಿತ್ತು. ಒಂದು ಕಡೆ ಸಹಿ ಹಾಕಿದವನು ಬೇರೆ ಒಕ್ಕೂಟದ ಕಾಲೇಜಿಗೆ ಸೇರಿದರೆ ಕೇಳುವವರಿರಲಿಲ್ಲ. ಇದನ್ನು ತಡೆಯಲು 1964ರಲ್ಲಿ ಒಕ್ಕೂಟಗಳಾಚೆಗೂ ಸಲ್ಲುವ ಒಪ್ಪಂದಪತ್ರ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ ಬಂತು. ಅದರ ನಿಜವಾದ ಬಲ ಇದ್ದದ್ದು ಒಂದು ಸಣ್ಣ ಷರತ್ತಿನಲ್ಲಿ: ಸಹಿ ಬಿದ್ದ ಕ್ಷಣದಿಂದ ಬೇರೆ ಕಾಲೇಜಿನ ಕೋಚ್‌ಗಳು ಆ ಹುಡುಗನನ್ನು ಮಾತನಾಡಿಸುವಂತಿಲ್ಲ. ಸಣ್ಣ ಕಾಲೇಜಿಗೆ ಬೇಕಾದದ್ದೂ ಅದೇ. ಆದರೆ ಸಹಿಯ ದಿನ ಫೆಬ್ರುವರಿಯಲ್ಲಿತ್ತು. ಜೂನ್‌ನಲ್ಲಿ ಒಪ್ಪಿದ ಹುಡುಗನನ್ನು ಫೆಬ್ರುವರಿವರೆಗೆ ಎಂಟು ತಿಂಗಳು ಕಾಯಬೇಕು, ಬೇಲಿಯಿಲ್ಲದ ಹೊಲದ ಹಾಗೆ.

ಮಿತಿಗಳದ್ದು ಇನ್ನೊಂದು ಕಥೆ. 1973ಕ್ಕೆ ಮುಂಚೆ ದೇಶವ್ಯಾಪಿ ಮಿತಿಯೇ ಇರಲಿಲ್ಲ. ದೊಡ್ಡವರು ಆಡಿಸದಿದ್ದರೂ ಸರಿ, ಎದುರಾಳಿಗೆ ಸಿಗಬಾರದೆಂದು ಆಟಗಾರರನ್ನು ತುಂಬಿಕೊಳ್ಳುತ್ತಿದ್ದರು. ಆ ವರ್ಷ 105, 1978ರಲ್ಲಿ 95, 1994ರ ಹೊತ್ತಿಗೆ 85. ಪ್ರತಿ ಇಳಿಕೆಯಲ್ಲೂ ಒಳ್ಳೆಯ ಹುಡುಗರು ಕೆಳಗಿನವರಿಗೂ ಸಿಕ್ಕರು. ಜೊತೆಗೆ ದೊಡ್ಡವರ ಲೆಕ್ಕವೂ ಬಿಗಿಯಾಯಿತು. ಅಷ್ಟೇ ಸೀಟು ಇದ್ದಾಗ ಕೊನೆಯ ಎರಡು ಸೀಟನ್ನು ‘ಇನ್ನೂ ಒಳ್ಳೆಯವನು ಸಿಗಬಹುದು’ ಎಂದು ಹಿಡಿದಿಟ್ಟುಕೊಳ್ಳುತ್ತಾರೆ. ಸಿಗದಿದ್ದರೆ ಯಾರ ಪಟ್ಟಿಗೆ ಕೈಹಾಕುವುದು? ಕೆಳಗಿನವರ ಪಟ್ಟಿಗೆ.

ಕ್ವಾರ್ಟರ್‌ಬ್ಯಾಕ್ ಸ್ಥಾನವನ್ನು ನೋಡಿ, ಯಂತ್ರ ಹೇಗೆ ತಿರುಗುತ್ತದೆಂದು ತಿಳಿಯುತ್ತದೆ. ಚೆಂಡು ಎಸೆದು ಆಟ ನಡೆಸುವವನು ಅವನೇ. ಮೈದಾನದಲ್ಲಿ ಒಮ್ಮೆಗೆ ಒಬ್ಬನಿಗೇ ಜಾಗವಾದ್ದರಿಂದ ಬಹುತೇಕ ತಂಡಗಳು ವರ್ಷಕ್ಕೆ ಒಬ್ಬನನ್ನೇ ತೆಗೆದುಕೊಳ್ಳುತ್ತವೆ. ಮೇಲಿನ ತಂಡವೊಂದರ ಕೋಚ್ ನವೆಂಬರ್ ಕೊನೆಯಲ್ಲಿ ಕೆಲಸ ಕಳೆದುಕೊಂಡರೆ ಅವರಿಗೆ ಒಪ್ಪಿದ್ದ ಕ್ವಾರ್ಟರ್‌ಬ್ಯಾಕ್ ಬೇರೆ ದೊಡ್ಡ ತಂಡಕ್ಕೆ ಜಿಗಿಯುತ್ತಾನೆ. ಹೊಸ ಕೋಚ್‌ಗೆ ಒಬ್ಬ ಬೇಕು, ಸಮಯವಿಲ್ಲ. ಮಧ್ಯಮ ತಂಡಕ್ಕೆ ಒಪ್ಪಿದವನನ್ನು ಕರೆಯುತ್ತಾನೆ. ಆ ತಂಡ ಮಿಡ್-ಅಮೆರಿಕನ್‌ನವನನ್ನು, ಅವರು ಎಫ್‌ಸಿಎಸ್‌ನವನನ್ನು. ಹತ್ತು ದಿನದಲ್ಲಿ ನಾಲ್ಕು ಮೆಟ್ಟಿಲು. ಕೊನೆಯ ಮೆಟ್ಟಿಲಿನವನಿಗೆ ಉಳಿಯುವುದು ಯಾರಿಗೂ ಬೇಡವಾದ ಹುಡುಗರು ಮತ್ತು ಒಂದು ವಾರ.

ಇಲ್ಲಿ ಸಣ್ಣ ಕಾಲೇಜಿನ ಜಾಣತನವೇ ಅದಕ್ಕೆ ಮುಳುವಾಗುತ್ತದೆ. ಅವರು ಗೆಲ್ಲುವುದು ಬೇಗ ಹುಡುಕುವುದರಿಂದ. ಎತ್ತರ ಬೆಳೆಯುತ್ತಿರುವ, ಬ್ಯಾಸ್ಕೆಟ್‌ಬಾಲೂ ಆಡುವ, 95 ಕೆಜಿಯ ಹುಡುಗನನ್ನು ಜೂನ್ ಕ್ಯಾಂಪಿನಲ್ಲಿ ನೋಡಿ, ಎರಡು ವರ್ಷದಲ್ಲಿ 120 ಕೆಜಿಯ ಲೈನ್‌ಮನ್ (ಮುಂದಿನ ಸಾಲಿನಲ್ಲಿ ಎದುರಾಳಿಯನ್ನು ತಳ್ಳಿ ತಡೆಯುವ ದಢೂತಿ ಆಟಗಾರ) ಆದಾನೆಂದು ಅಂದಾಜು ಹಾಕುತ್ತಾರೆ. ಆದರೆ ಅವನು ಒಪ್ಪಿಗೆಯನ್ನು ಸೋಷಿಯಲ್ ಮೀಡಿಯಾದಲ್ಲಿ ಹಾಕಿದ ದಿನವೇ ಅದು ಜಾಹೀರಾತು. ಅಕ್ಟೋಬರ್‌ನಲ್ಲಿ ಆ ಸೀಸನ್‌ನ ವಿಡಿಯೊ ಕೋಚ್‌ಗಳು ನೋಡುವ ಹಡಲ್ ಎಂಬ ಜಾಲತಾಣಕ್ಕೆ ಏರುತ್ತದೆ, ಹುಡುಗ ಆರು ಕೆಜಿ ಹೆಚ್ಚಿರುತ್ತಾನೆ, ಅಂದಾಜು ಸರಿಯಾಗಿತ್ತೆಂದು ಎಲ್ಲರಿಗೂ ಕಾಣುತ್ತದೆ. ಅಂದಾಜು ತಪ್ಪಿದ ಹುಡುಗ ಮಾತ್ರ ಎಲ್ಲಿಗೂ ಹೋಗುವುದಿಲ್ಲ!

ಮುನ್ಸೂಚನೆಗಳು ಇಲ್ಲದಿಲ್ಲ. ಮೆಸೇಜಿಗೆ ಉತ್ತರ ಗಂಟೆಯಿಂದ ದಿನಕ್ಕೆ ಜಾರುತ್ತದೆ. ತವರಿನ ಪಂದ್ಯಕ್ಕೆ ಬರುತ್ತೇನೆಂದವನು ಬರುವುದಿಲ್ಲ. ಬೇರೆ ಕಾಲೇಜಿನ ಲೈನ್ ಕೋಚ್ ಅವನ ಖಾತೆಯನ್ನು ಫಾಲೊ ಮಾಡಿರುತ್ತಾನೆ. ಎಲ್ಲಕ್ಕಿಂತ ಖಚಿತವಾದದ್ದು, ತಾಯಿ ಫೋನ್ ಎತ್ತುವುದು ನಿಲ್ಲಿಸುವುದು. ‘ಬೇರೆ ಕಡೆ ಭೇಟಿ ಕೊಟ್ಟರೆ ನಿನ್ನ ಸೀಟು ಹೋಯಿತು’ ಎಂಬ ಕಟ್ಟುನಿಟ್ಟು ಕೆಲವು ಕೋಚ್‌ಗಳದ್ದು. ದೊಡ್ಡ ತಂಡಕ್ಕೆ ಅದು ಒಪ್ಪುತ್ತದೆ. ಸಣ್ಣ ತಂಡ ಹಾಗೆ ಹೇಳಿದರೆ ಹುಡುಗ ಕದ್ದು ಹೋಗಿ ಬರುತ್ತಾನೆ, ಸುದ್ದಿ ಗೊತ್ತಾಗುವುದು ಬುಧವಾರ ಬೆಳಿಗ್ಗೆ. ಆದ್ದರಿಂದ ಅನುಭವಸ್ಥರು ‘ಹೋಗು, ಆದರೆ ಹೇಳಿ ಹೋಗು’ ಎನ್ನುತ್ತಾರೆ. ಹದಿನೆಂಟು ಸೀಟಿಗೆ ಇಪ್ಪತ್ತಮೂರು ಹುಡುಗರ ಜೊತೆ ಮಾತು ಜೀವಂತವಾಗಿಡುತ್ತಾರೆ. ಸ್ಥಾನಕ್ಕೊಬ್ಬ ಬದಲಿ ಇರಲೇಬೇಕು.

ಅದರ ಕೆಟ್ಟ ಮುಖವೂ ಇದೆ. ಎಲ್ಲರೂ ಬಂದುಬಿಟ್ಟರೆ? ಆಗ ಕೈಕೊಡುವವನು ಕೋಚ್. 2009ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯ 37 ಹುಡುಗರಿಂದ ಸಹಿ ಹಾಕಿಸಿಕೊಂಡ ಮೇಲೆ ಎಸ್‌ಇಸಿ ವರ್ಷಕ್ಕೆ 28 ಎಂದು ಗೆರೆ ಎಳೆಯಿತು, ಆಮೇಲೆ ಅದನ್ನು 25ಕ್ಕೆ ಇಳಿಸಿತು. ‘ಗ್ರೇಶರ್ಟ್’ ಎಂಬ ಉಪಾಯ ಇನ್ನೂ ಇದೆ: ಆಗಸ್ಟ್‌ನಲ್ಲಿ ಬರಬೇಡ, ಜನವರಿಗೆ ಸೇರು ಎಂದು ಹುಡುಗನಿಗೆ ಕೊನೆಯಲ್ಲಿ ಹೇಳುವುದು. ಮಾತು ತಪ್ಪುವವರೆಂದು ಹದಿನೇಳು ವರ್ಷದವರನ್ನೇ ಬೈಯುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೋಚೇ ಎದ್ದು ಹೋದಾಗ ಹೊಡೆತ ಇನ್ನೂ ದೊಡ್ಡದು. ಮಿಷಿಗನ್ ರಾಜ್ಯದ ಕಲಮಜೂ ಊರಿನ ವೆಸ್ಟರ್ನ್ ಮಿಷಿಗನ್ ತಂಡ ಪಿ.ಜೆ. ಫ್ಲೆಕ್ ಕೈಕೆಳಗೆ 2016ರಲ್ಲಿ ಸತತ 13 ಪಂದ್ಯ ಗೆದ್ದು, 2017ರ ಜನವರಿ 2ರಂದು ಸೀಸನ್ ಕೊನೆಯ ದೊಡ್ಡ ಪಂದ್ಯಗಳಲ್ಲೊಂದಾದ ಕಾಟನ್ ಬೌಲ್‌ನಲ್ಲಿ ವಿಸ್ಕಾನ್ಸಿನ್‌ಗೆ 16–24ರಿಂದ ಸೋತಿತು. ನಾಲ್ಕು ದಿನದ ಮೇಲೆ, ಜನವರಿ 6ಕ್ಕೆ, ಫ್ಲೆಕ್ ಬಿಗ್ ಟೆನ್‌ನ ಮಿನ್ನೆಸೋಟಕ್ಕೆ ಹೋದರು. ಸಹಿಯ ದಿನ ಫೆಬ್ರುವರಿ 1. ಆ 26 ದಿನಗಳಲ್ಲಿ ವೆಸ್ಟರ್ನ್ ಮಿಷಿಗನ್‌ಗೆ ಮಾತು ಕೊಟ್ಟಿದ್ದ ಹಲವರು ಫ್ಲೆಕ್ ಹಿಂದೆಯೇ ಮಿನ್ನೆಸೋಟದ ಪಾಲಾದರು. ಅವರು ಮಾತು ಕೊಟ್ಟದ್ದು ಕಾಲೇಜಿಗಿಂತ ಹೆಚ್ಚಾಗಿ ಆ ಮನುಷ್ಯನಿಗೆ. ಮನೆಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತು ಮಾತಾಡಿದ್ದು ಅವರೇ ತಾನೆ?

ಅದೇ ವರ್ಷದ ಡಿಸೆಂಬರ್ 20ರಿಂದ ಮೂರು ದಿನಗಳ ಮುಂಗಡ ಸಹಿಯ ಅವಧಿ ಜಾರಿಗೆ ಬಂತು. ಒಪ್ಪಿದವನಿಂದ ಬೇಗ ಸಹಿ ಹಾಕಿಸಿಕೊಂಡರೆ ಜನವರಿಯ ಬೇಟೆ ನಿಲ್ಲುತ್ತದೆ ಎಂಬ ಆಸೆ. ಜನವರಿಯದ್ದು ನಿಂತಿತು ನಿಜ, ಆದರೆ ಅದೇ ಬೇಟೆ ನವೆಂಬರ್‌ಗೆ ಸರಿಯಿತು. ಹೊಸ ಕೋಚ್ ಡಿಸೆಂಬರ್ ಸಹಿಗೆ ಮುಂಚೆ ಬರಲೇಬೇಕಾದ್ದರಿಂದ ಹಳಬರನ್ನು ಸೀಸನ್ ನಡುವೆಯೇ ತೆಗೆಯುವುದು ಹೆಚ್ಚಾಯಿತು. 2024ರಲ್ಲಿ ಆ ದಿನವನ್ನು ಡಿಸೆಂಬರ್‌ನ ಮೊದಲ ಬುಧವಾರಕ್ಕೆ ತಂದರು. ಗಡಿಬಿಡಿ ಇನ್ನೂ ಎರಡು ವಾರ ಹಿಂದಕ್ಕೆ ಹೋಯಿತು, ಅಷ್ಟೇ. 2024ರ ಅಕ್ಟೋಬರ್‌ನಲ್ಲಿ ಅರವತ್ತು ವರ್ಷದ ಆ ‘ಲೆಟರ್ ಆಫ್ ಇಂಟೆಂಟ್’ ಪತ್ರವೇ ರದ್ದಾಗಿ ಆರ್ಥಿಕ ನೆರವಿನ ಒಪ್ಪಂದ ಅದರ ಜಾಗಕ್ಕೆ ಬಂತು. ಸಹಿಯ ನಂತರ ಬೇರೆಯವರು ಮಾತನಾಡಿಸುವಂತಿಲ್ಲ ಎಂಬ ಷರತ್ತು ಮಾತ್ರ ಉಳಿದಿದೆ.

ಹಣದ ಬಾಗಿಲು ತೆರೆದದ್ದು 2021ರ ಜುಲೈ 1ರಂದು. ಅಂದಿನಿಂದ ಆಟಗಾರ ತನ್ನ ಹೆಸರು, ಚಿತ್ರಗಳಿಂದ ದುಡಿಯಬಹುದು. ಅದೇ ಡಿಸೆಂಬರ್‌ನಲ್ಲಿ ದೇಶದ ಅಗ್ರ ರಿಕ್ರೂಟ್ ಟ್ರಾವಿಸ್ ಹಂಟರ್ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ಮಾತು ಬಿಟ್ಟು, ಡಿಯಾನ್ ಸ್ಯಾಂಡರ್ಸ್ ಕೋಚ್ ಆಗಿದ್ದ ಎಫ್‌ಸಿಎಸ್ ತಂಡ ಜ್ಯಾಕ್ಸನ್ ಸ್ಟೇಟ್‌ಗೆ ಸಹಿ ಹಾಕಿದ. ಗಂಗೆ ಮೇಲಕ್ಕೆ ಹರಿದಂತಾಯಿತು. ಆದರೆ ಮರುವರ್ಷ ಸ್ಯಾಂಡರ್ಸ್ ಕೊಲರಾಡೊಗೆ ಹೋದಾಗ ಹಂಟರನೂ ಹಿಂದೆಯೇ ಹೋದ. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ‘ಹೌಸ್’ ಮೊಕದ್ದಮೆಯ (ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದು) ರಾಜಿ ಒಪ್ಪಂದದಂತೆ ಕಾಲೇಜೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಕ್ರೀಡೆಗೂ ಸೇರಿ 2.05 ಕೋಟಿ ಡಾಲರ್. ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ 85ರ ಜಾಗದಲ್ಲಿ 105 ಜನರ ತಂಡದ ಮಿತಿ, ಅಷ್ಟೂ ಜನಕ್ಕೆ ಸ್ಕಾಲರ್‌ಶಿಪ್ ಕೊಡಲು ಅಡ್ಡಿಯಿಲ್ಲ. ಆ ಇಪ್ಪತ್ತು ಹೆಚ್ಚುವರಿ ಜಾಗ ತುಂಬುವಷ್ಟು ದುಡ್ಡಿರುವುದು ಯಾರಲ್ಲಿ ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಕಾಲೇಜು ಬದಲಿಸಲು ಬಯಸುವ ಆಟಗಾರರ ಹೆಸರು ಸೇರುವ ವರ್ಗಾವಣೆಯ ಪೋರ್ಟಲ್ ಲೆಕ್ಕವನ್ನು ಇನ್ನೊಂದು ಕಡೆಗೂ ತಿರುಗಿಸಿದೆ. ಅದು ಶುರುವಾದದ್ದು 2018ರಲ್ಲಿ. ಒಂದು ವರ್ಷ ಆಟವಿಲ್ಲದೆ ಕೂರಬೇಕಾದ ಕಟ್ಟಿಲ್ಲದೆ ಒಮ್ಮೆ ಬದಲಾಗುವ ಅವಕಾಶ 2021ರಲ್ಲಿ, ಎಷ್ಟು ಸಲವಾದರೂ ಬದಲಾಗುವ ಅವಕಾಶ 2024ರಲ್ಲಿ ಸಿಕ್ಕಿತು. ದೊಡ್ಡ ತಂಡಗಳು ಈಗ ಹೈಸ್ಕೂಲ್ ಹುಡುಗನನ್ನು ಬೆಳೆಸುವ ಬದಲು, ಬೇರೆಯವರು ಬೆಳೆಸಿದ ಇಪ್ಪತ್ತೊಂದರ ಯುವಕನನ್ನು ಕೊಳ್ಳುತ್ತವೆ. ಫ್ಲಿಪ್ ಮಾಡಿ ಹೋದ ಹುಡುಗ ಅಲ್ಲಿ ಎರಡು ವರ್ಷ ಬೆಂಚು ಕಾಯುವ ಸಂಭವ ಹೆಚ್ಚಿದೆ. ಹಾಗಾಗಿ ಪಳಗಿದ ಸಣ್ಣ ಕಾಲೇಜಿನ ಕೋಚ್ ಬುಧವಾರ ಬೆಳಿಗ್ಗೆ ಬೋರ್ಡಿನಿಂದ ಹೆಸರು ಒರೆಸುತ್ತಾನೆ, ಫೋನಿನಿಂದ ನಂಬರ್ ಅಳಿಸುವುದಿಲ್ಲ. ಒಂದು ಸಾಲಿನ ಮೆಸೇಜ್ ಕಳಿಸುತ್ತಾನೆ: ಒಳ್ಳೆಯದಾಗಲಿ, ಅಮ್ಮನಿಗೆ ನಮಸ್ಕಾರ ಹೇಳು.