ವಲಸೆ ಮಾನವ ಹಕ್ಕೇ? ವಿದ್ಯಾರ್ಥಿಗಳ ಉತ್ತರಕ್ಕೆ ಎರಡು ಮುಖ ಏಕೆ

ಎರಡು ಪ್ರಶ್ನೆ ನೋಡಿ. ತನ್ನ ದೇಶ ಬಿಟ್ಟು ಹೋಗುವ ಹಕ್ಕು ಎಲ್ಲರಿಗೂ ಇರಬೇಕೇ? ತನಗೆ ಬೇಕಾದ ದೇಶದಲ್ಲಿ ನೆಲೆಸುವ ಹಕ್ಕು ಎಲ್ಲರಿಗೂ ಇರಬೇಕೇ? ಮೊದಲನೆಯದಕ್ಕೆ ‘ಹೌದು’ ಎನ್ನುವುದು ವಿದ್ಯಾರ್ಥಿಗಳಿಗೆ ಸಲೀಸು. ಎರಡನೆಯದಕ್ಕೆ ಬಂದಾಗ ಪೆನ್ನು ಕೊಂಚ ತಡೆಯುತ್ತದೆ. ಇದನ್ನು ಯುವಜನರ ಗೊಂದಲ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಈ ಗೊಂದಲ ಅವರಿಗೆ ಹಿರಿಯರಿಂದ ಬಂದ ಬಳುವಳಿ.

ಮೊದಲನೇ ಮಹಾಯುದ್ಧಕ್ಕೆ ಮುನ್ನ ಯುರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟ್ ಇಲ್ಲದೆ ಓಡಾಡಬಹುದಿತ್ತು. ಯುದ್ಧ ಮುಗಿದರೂ ತಪಾಸಣೆ ಮುಗಿಯಲಿಲ್ಲ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರ 13ನೇ ವಿಧಿಯ ಪ್ರಕಾರ ಯಾರು ಬೇಕಾದರೂ ತನ್ನ ದೇಶವೂ ಸೇರಿ ಯಾವುದೇ ದೇಶವನ್ನು ತೊರೆಯಬಹುದು, ತನ್ನ ದೇಶಕ್ಕೆ ಮರಳಬಹುದು. ಇನ್ನೊಂದು ದೇಶ ಬಾಗಿಲು ತೆರೆಯಬೇಕು ಎಂಬ ಮಾತು ಅಲ್ಲಿಲ್ಲ. 14ನೇ ವಿಧಿಯ ಕರಡಿನಲ್ಲಿ ಆಶ್ರಯ ‘ಪಡೆಯುವ’ ಹಕ್ಕಿತ್ತು. ಅಂತಿಮ ಪಠ್ಯದಲ್ಲಿ ಅದು ಆಶ್ರಯ ಕೋರುವ ಮತ್ತು ‘ಅನುಭವಿಸುವ’ ಹಕ್ಕಾಯಿತು. ಬದಲಾದದ್ದು ಒಂದೇ ಕ್ರಿಯಾಪದ. ಆಶ್ರಯ ಕೊಡಲೇಬೇಕಾದ ಹೊಣೆ ಮಾತ್ರ ಯಾರ ತಲೆಯ ಮೇಲೂ ಉಳಿಯಲಿಲ್ಲ.

1951ರ ನಿರಾಶ್ರಿತರ ಒಪ್ಪಂದ, ಶೀತಲ ಸಮರ, ಬರ್ಲಿನ್ ಗೋಡೆ, ಆ ಗೋಡೆಯ ಪತನ: ಈ ನಾಲ್ಕು ದಶಕ ಜಗತ್ತು ಹೊರಗೆ ಬಿಡದವರನ್ನು ಬೈಯುವುದರಲ್ಲೇ ಕಳೆಯಿತು, ಒಳಗೆ ಬಿಡದವರ ಮಾತು ಅಷ್ಟಾಗಿ ಏಳಲಿಲ್ಲ. 1987ರಲ್ಲಿ ರಾಜಕೀಯ ಚಿಂತಕ ಜೋಸೆಫ್ ಕ್ಯಾರೆನ್ಸ್ ಅದನ್ನು ನೇರವಾಗಿಯೇ ಎತ್ತಿದರು. ಶ್ರೀಮಂತ ದೇಶದ ಪೌರತ್ವ ಊಳಿಗಮಾನ್ಯ ಕಾಲದ ಹುಟ್ಟು ಸವಲತ್ತಿನ ಹಾಗೆ ಎಂಬುದು ಅವರ ವಾದ. ಯಾರನ್ನು ಸೇರಿಸಿಕೊಳ್ಳಬೇಕೆಂಬ ತೀರ್ಮಾನ ಸಮುದಾಯದ್ದೇ ಎಂದು ಇನ್ನೊಬ್ಬ ಚಿಂತಕ ಮೈಕೇಲ್ ವಾಲ್ಜರ್ ಅದಕ್ಕೆ ನಾಲ್ಕು ವರ್ಷ ಮೊದಲೇ ಬರೆದಿದ್ದರು. ವಿಶ್ವವಿದ್ಯಾಲಯಗಳ ಚರ್ಚೆ ಇಂದಿಗೂ ಹೆಚ್ಚುಕಡಿಮೆ ಈ ಎರಡು ದಡಗಳ ನಡುವೆಯೇ ಹರಿಯುತ್ತಿದೆ.

ವಿಷಯ ನಿಜಕ್ಕೂ ಸಿಕ್ಕುಸಿಕ್ಕಾದದ್ದು ಸಮೀಕ್ಷೆಗಳು ಬಂದ ಮೇಲೆ. ಹೆಚ್ಚು ಓದಿದವರು ವಲಸಿಗರ ಬಗ್ಗೆ ಹೆಚ್ಚು ಉದಾರವಾಗಿ ಉತ್ತರಿಸುತ್ತಾರೆ ಎಂಬುದು ಅನೇಕ ದೇಶಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಯಾಕೆ? ಕೆಲಸ ಕಳೆದುಕೊಳ್ಳುವ ಭಯ ಅವರಿಗೆ ಕಡಿಮೆ ಎಂಬುದು ಹಳೆಯ ವಿವರಣೆ. 2007ರಲ್ಲಿ ಯುರೋಪಿನ ಅಂಕಿಅಂಶ ಪರಿಶೀಲಿಸಿದ ಸಂಶೋಧಕರಾದ ಹೈನ್‌ಮ್ಯುಲರ್ ಮತ್ತು ಹಿಸ್ಕಾಕ್ಸ್, ಇದು ಭಯಕ್ಕಿಂತ ಮೌಲ್ಯಗಳ ಮಾತು ಎಂದರು. ಹಾಗಾದರೆ ಕಾಲೇಜೇ ಮನಸ್ಸನ್ನು ಅಗಲ ಮಾಡುತ್ತದೆಯೇ? ಸ್ವಿಟ್ಜರ್‌ಲೆಂಡಿನಲ್ಲಿ ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನ ಈ ಹುಮ್ಮಸ್ಸಿಗೆ ತಣ್ಣೀರೆರಚಿತು: ವ್ಯತ್ಯಾಸದ ಬಹುಪಾಲು ಉನ್ನತ ಶಿಕ್ಷಣಕ್ಕೆ ಕಾಲಿಡುವ ಮೊದಲೇ ಇತ್ತು. ಕಡ್ಡಾಯ ಶಾಲಾ ವರ್ಷಗಳನ್ನು ಹೆಚ್ಚಿಸಿದ ಪಶ್ಚಿಮ ಯುರೋಪಿನ ದೇಶಗಳನ್ನು ನೋಡಿದ 2019ರ ಸಂಶೋಧನೆ ಮಾತ್ರ, ಓದಿಗೆ ತನ್ನದೇ ಪ್ರಭಾವ ಇದೆ ಎಂದಿತು. ಜಗಳ ಇನ್ನೂ ಬಗೆಹರಿದಿಲ್ಲ.

ಇನ್ನೊಂದು ಕಸಿವಿಸಿಯ ಸಂಗತಿಯಿದೆ. ಅಮೆರಿಕದಲ್ಲಿ ಅಲೆಕ್ಸಾಂಡರ್ ಜಾನಸ್ 2010ರಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ಬಯಲಿಗೆಳೆಯಿತು. ಒಂದು ಗುಂಪಿಗೆ ಬೇರೆ ಬೇರೆ ವಿಷಯಗಳ ಕೆಲವು ಹೇಳಿಕೆ ಕೊಡುತ್ತಾರೆ. ಇನ್ನೊಂದು ಗುಂಪಿಗೆ ಅವೇ ಹೇಳಿಕೆಗಳ ಜತೆ ವಲಸೆ ನಿಲ್ಲಿಸುವ ಮಾತು ಒಂದು. ಯಾವುದನ್ನು ವಿರೋಧಿಸುತ್ತೀರಿ ಎಂದು ಹೇಳಬೇಕಿಲ್ಲ, ಎಷ್ಟನ್ನು ಎಂಬ ಸಂಖ್ಯೆ ಹೇಳಿದರೆ ಸಾಕು. ಒಂದು ಗುಂಪಿನ ಸರಾಸರಿಯಿಂದ ಇನ್ನೊಂದರದನ್ನು ಕಳೆದರೆ ಒಳಗಿನ ಅಭಿಪ್ರಾಯ ಹೊರಬರುತ್ತದೆ. ವಲಸೆಯ ವಿರೋಧ ಬಾಯಿ ಬಿಟ್ಟು ಹೇಳಿದ್ದಕ್ಕಿಂತ ಹೆಚ್ಚಿತ್ತು, ಅದನ್ನು ಮುಚ್ಚಿಟ್ಟವರಲ್ಲಿ ಪದವೀಧರರೇ ಮುಂದಿದ್ದರು. (ಮಾತು ಚೆನ್ನಾಗಿ ಕಲಿತವರಿಗೆ ಮುಚ್ಚಿಡುವುದೂ ಚೆನ್ನಾಗಿ ಬರುತ್ತದೆ.)

2018ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ವಲಸೆಯ ಜಾಗತಿಕ ಒಪ್ಪಂದವನ್ನು 152 ಮತಗಳಿಂದ ಅನುಮೋದಿಸಿತು. ವಿರುದ್ಧ ಬಿದ್ದದ್ದು 5, ತಟಸ್ಥರು 12. ವಲಸಿಗರ ಮಾನವ ಹಕ್ಕುಗಳನ್ನು ಕಾಪಾಡಬೇಕೆನ್ನುವ ಅದೇ ಪಠ್ಯ, ಯಾರನ್ನು ಒಳಬಿಡಬೇಕೆಂಬ ಅಧಿಕಾರ ಆಯಾ ದೇಶದ್ದೆಂದೂ ಹೇಳುತ್ತದೆ. ಕಾನೂನಿನ ಕಡ್ಡಾಯವಂತೂ ಅದಕ್ಕಿಲ್ಲ.

ವಲಸೆ ಹೋಗುವುದು ಹಕ್ಕೇ ಎಂಬುದು ಒಂದು ಪ್ರಶ್ನೆ, ಹೋದವರಿಗೆ ಹಕ್ಕುಗಳಿವೆಯೇ ಎಂಬುದು ಇನ್ನೊಂದು. ಯುದ್ಧದಿಂದ ಓಡಿಬಂದವಳು, ಗಂಡನನ್ನು ಸೇರಲು ಹೊರಟವಳು, ಕೆಲಸ ಹುಡುಕಿ ಬಂದವನು ಎಂದು ಬಿಡಿಬಿಡಿಯಾಗಿ ಕೇಳಿದರೆ ಒಬ್ಬಳೇ ವಿದ್ಯಾರ್ಥಿನಿ ಮೂರು ಬಗೆಯಲ್ಲಿ ಉತ್ತರಿಸಬಹುದು, ಮೂರಕ್ಕೂ ಅವಳ ಬಳಿ ಕಾರಣವಿದ್ದೀತು. ಪ್ರಶ್ನಾವಳಿ ‘ವಲಸೆ’ ಎಂದಷ್ಟೇ ಕೇಳಿದರೆ, ಆ ಮೂವರನ್ನೂ ಅವಳು ಒಂದೇ ಟಿಕ್‌ನಲ್ಲಿ ಮುಗಿಸಬೇಕಾಗುತ್ತದೆ.