ತಲೆದೂಗುವ ಜೆಟ್‌ಗಳು: ಎಸ್‌ಎಸ್ 433ರಿಂದ ಶುರುವಾದ ಕಥೆ

ಗರುಡ ನಕ್ಷತ್ರಪುಂಜದಲ್ಲಿ ಎಸ್‌ಎಸ್ 433 ಅಂತ ಒಂದು ಕಾಯ ಇದೆ. ಸ್ಟೀಫನ್‌ಸನ್ ಮತ್ತು ಸಂಡುಲೀಕ್ ಅನ್ನುವ ಇಬ್ಬರು 1977ರಲ್ಲಿ ಹೈಡ್ರೋಜನ್ ಬೆಳಕು ಜೋರಾಗಿ ಸೂಸುವ ನಕ್ಷತ್ರಗಳ ಪಟ್ಟಿ ಮಾಡಿದರು. ಅದರಲ್ಲಿ ಇದು 433ನೆಯದು, ಹೆಸರಿನ ಹಿಂದೆ ಇರುವುದು ಅಷ್ಟೇ. ಡೇವಿಡ್ ಕ್ಲಾರ್ಕ್ ಮತ್ತು ಪಾಲ್ ಮರ್ಡಿನ್ 1978ರಲ್ಲಿ, ಇದು ಡಬ್ಲ್ಯೂ50 ಅನ್ನುವ ದೊಡ್ಡ ರೇಡಿಯೋ ಮೋಡದ ನಡುವೆ ಕೂತಿದೆ, ರೇಡಿಯೋ ಮತ್ತು ಎಕ್ಸ್‌ರೇ ಕೂಡ ಸೂಸುತ್ತಿದೆ ಅಂತ ತೋರಿಸಿದ ಮೇಲೆ ಎಲ್ಲರ ಕಣ್ಣು ಇತ್ತ ಬಿತ್ತು.

ಬ್ರೂಸ್ ಮಾರ್ಗನ್ ತಂಡ ಇದರ ಬೆಳಕನ್ನು ಬಿಡಿಸಿ ನೋಡಿದರೆ, ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ಗೆರೆಗಳು ಇರಬೇಕಾದ ಜಾಗದಲ್ಲಿ ಇರಲಿಲ್ಲ. ರಾತ್ರಿಯಿಂದ ರಾತ್ರಿಗೆ ಸರಿಯುತ್ತಲೂ ಇದ್ದವು. ಒಂದು ಗುಂಪು ಕೆಂಪಿನ ಕಡೆಗೆ, ಇನ್ನೊಂದು ನೀಲಿಯ ಕಡೆಗೆ. ದೂರ ಹೋಗುವುದರ ಬೆಳಕು ಕೆಂಪಿನತ್ತ, ಹತ್ತಿರ ಬರುವುದರದು ನೀಲಿಯತ್ತ ಸರಿಯುತ್ತದೆ. ಅಂದರೆ ಒಂದೇ ಕಾಯ ನಮ್ಮಿಂದ ದೂರ ಓಡುತ್ತಾ, ಅದೇ ಹೊತ್ತಿಗೆ ನಮ್ಮತ್ತ ನುಗ್ಗಿಯೂ ಬರುತ್ತಿದೆ! ದೂರ ಹೋಗುವ ವೇಗ ಸೆಕೆಂಡಿಗೆ 50,000 ಕಿ.ಮೀ. ಹತ್ತಿರ ಮುಟ್ಟುತ್ತಿತ್ತು. ನಮ್ಮ ಗ್ಯಾಲಕ್ಸಿಯೊಳಗೆ ಇಷ್ಟು ವೇಗವನ್ನು ಯಾರು ನಿರೀಕ್ಷಿಸಿದ್ದರು?

ಉತ್ತರ 1979ರಲ್ಲೇ ಸಿಕ್ಕಿತು. ಮಿಲ್‌ಗ್ರೋಮ್ ಒಂದು ಕಡೆ, ಫೇಬಿಯನ್ ಮತ್ತು ರೀಸ್ ಇನ್ನೊಂದು ಕಡೆ, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಚಿಮ್ಮುವ ಎರಡು ಜೆಟ್‌ಗಳ, ಅಂದರೆ ಬಿಸಿ ಅನಿಲದ ಸಪೂರ ಧಾರೆಗಳ ವಿಚಾರ ಮುಂದಿಟ್ಟರು. ವೇಗ ಬೆಳಕಿನ ವೇಗದ 26%. ಜೆಟ್‌ಗಳು ಒಂದೇ ದಿಕ್ಕಿಗೆ ನಿಲ್ಲುವುದಿಲ್ಲ, ತಿರುಗುವ ಬುಗುರಿ ಸುಸ್ತಾದಾಗ ಅದರ ತಲೆ ವಾಲಾಡುವ ಹಾಗೆ ಸುಮಾರು 20 ಡಿಗ್ರಿ ಓರೆಯಾಗಿ, 164 ದಿನಕ್ಕೊಂದು ಸುತ್ತು ಹಾಕುತ್ತವೆ.

ಇದು ಬರೀ ಲೆಕ್ಕ ಅಲ್ವಾ, ಕಣ್ಣಿಗೆ ಕಾಣುತ್ತದಾ? ಕಾಣಿಸಿದ್ದು ರೇಡಿಯೋ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 27 ಆಂಟೆನಾಗಳ ವಿಎಲ್‌ಎ ಅನ್ನುವ ರೇಡಿಯೋ ದೂರದರ್ಶಕ ಆಗಷ್ಟೇ ಸಿದ್ಧವಾಗಿತ್ತು. ಹೆಲ್ಮಿಂಗ್ ಮತ್ತು ಜಾನ್ಸ್‌ಟನ್ 1981ರಲ್ಲಿ ಅದರ ಚಿತ್ರಗಳಲ್ಲಿ ಎರಡೂ ಬದಿಗೆ ಸುತ್ತಿಕೊಂಡು ಹೋಗುವ ಸುರುಳಿ ತೋರಿಸಿದರು. ಇಲ್ಲೊಂದು ಮೋಸ ಇದೆ, ಹುಷಾರು: ಜೆಟ್‌ನ ಯಾವ ತುಣುಕೂ ಸುರುಳಿಯಲ್ಲಿ ಓಡುವುದಿಲ್ಲ. ಹೊರಟ ದಿಕ್ಕಿಗೆ ಪ್ರತಿಯೊಂದೂ ನೆಟ್ಟಗೆ ಹೋಗುತ್ತದೆ, ಒಂದೊಂದು ದಿನ ಒಂದೊಂದು ದಿಕ್ಕಿಗೆ ಹೊರಟದ್ದರಿಂದ ಎಲ್ಲ ಸೇರಿ ಸುರುಳಿಯಾಗಿ ಕಾಣುತ್ತವೆ, ಹಾಗಾಗಿ ಹೊರಗಿನ ಸುತ್ತು ಅಂದರೆ ಹಳೆಯ ಸುತ್ತು.

ನನಗೆ ಜಾಸ್ತಿ ಇಷ್ಟವಾಗುವುದು ಇದರಿಂದ ಸಿಕ್ಕ ಲಾಭ. ವೇಗ ರೋಹಿತದಿಂದ ಗೊತ್ತು. ಆಕಾಶದಲ್ಲಿ ತುಣುಕುಗಳು ಎಷ್ಟು ಸರಿದವು ಅನ್ನುವುದು ರೇಡಿಯೋ ಚಿತ್ರದಿಂದ ಗೊತ್ತು. ಎರಡನ್ನೂ ಸೇರಿಸಿದರೆ ದೂರ ತಾನಾಗಿ ಬರುತ್ತದೆ. 2004ರಲ್ಲಿ ಬ್ಲಂಡೆಲ್ ಮತ್ತು ಬೌಲರ್ ಇನ್ನೂ ಆಳವಾದ ಚಿತ್ರ ತೆಗೆದು, ಸುಮಾರು 18,000 ಜ್ಯೋತಿರ್ವರ್ಷ ಅಂತ ಹೇಳಿದರು.

ಇಷ್ಟಾದರೂ ನಡುವೆ ಕೂತಿರುವುದು ಕಪ್ಪುಕುಳಿಯೋ ನ್ಯೂಟ್ರಾನ್ ನಕ್ಷತ್ರವೋ ಅನ್ನುವ ಜಗಳ ಪೂರ್ತಿ ಮುಗಿದಿಲ್ಲ. ಹೆಚ್ಚಿನವರು ಕಪ್ಪುಕುಳಿ ಅನ್ನುತ್ತಾರೆ. ತಲೆದೂಗುವುದಕ್ಕೆ 13 ದಿನಕ್ಕೊಮ್ಮೆ ಸುತ್ತುವ ಜೊತೆಗಾರ ನಕ್ಷತ್ರದ ಎಳೆತವೇ ಕಾರಣ ಅನ್ನುವುದು ಹಳೆಯ ವಾದ.

ಜೆಟ್ ಚಿಮ್ಮಿಸುವ ವಿ404 ಸಿಗ್ನಿ ಅನ್ನುವ ಕಪ್ಪುಕುಳಿಯ ಕಥೆ ಬೇರೆ. 2015ರಲ್ಲಿ ಅದು ಇದ್ದಕ್ಕಿದ್ದಂತೆ ಭುಗಿಲೆದ್ದಾಗ ಜೆಟ್‌ನ ದಿಕ್ಕು ನಿಮಿಷಗಳಲ್ಲೇ ಬದಲಾಗುತ್ತಿತ್ತು. ರೇಡಿಯೋ ಚಿತ್ರಕ್ಕೆ ಸಾಮಾನ್ಯವಾಗಿ ಗಂಟೆಗಟ್ಟಲೆ ದತ್ತಾಂಶ ಒಟ್ಟು ಮಾಡುತ್ತಾರೆ, ಇಲ್ಲಿ ಹಾಗೆ ಮಾಡಿದರೆ ಎಲ್ಲ ಕಲಸಿಹೋಗುತ್ತಿತ್ತು. ಅದಕ್ಕೇ ಮಿಲ್ಲರ್-ಜೋನ್ಸ್ ತಂಡ ಸುಮಾರು 70 ಸೆಕೆಂಡಿನ 103 ಚಿತ್ರಗಳನ್ನು ಮಾಡಿ ಸಿನಿಮಾದಂತೆ ಜೋಡಿಸಿತು. ತಿರುಗುವ ಕಪ್ಪುಕುಳಿ ಸುತ್ತಲಿನ ದೇಶ-ಕಾಲವನ್ನೇ ತನ್ನ ಜೊತೆ ಎಳೆಯುತ್ತದೆ, ಅದರ ಸುತ್ತ ತಿರುಗುವ ಅನಿಲದ ಓರೆಯಾದ ಬಿಸಿ ತಟ್ಟೆ, ಜೊತೆಗೆ ಜೆಟ್ ಕೂಡ, ಅದಕ್ಕೇ ವಾಲಾಡುತ್ತದೆ ಅಂತ 2019ರಲ್ಲಿ ಅವರು ವಿವರಿಸಿದರು.